ಅಕ್ಕೋರ ಲ್ಯಾಪ್‌ಟಾಪಿನಿಂದ ನಾನು ತೆಗೆದಿಟ್ಟುಕೊಂಡದ್ದು

ಅಕ್ಕೋರೇ, ನಿಮ್ಮ ಲ್ಯಾಪ್‌ಟಾಪು ಕೆಟ್ಟದ್ದು ನೀವು ಬೀಳಿಸಿದ್ದರಿಂದ ಅಲ್ಲ. ನೀವು ಅದನ್ನು ಬೀಳಿಸಲೇ ಇಲ್ಲ. ಬೀಳಿಸಿದ್ದೀರಿ ಅಂತ ಹೇಳಿದವನು ನಾನು, ಹೇಳುವಾಗಲೇ ಅದು ಸುಳ್ಳೆಂದು ಗೊತ್ತಿದ್ದವನೂ ನಾನೇ. ನಿಮ್ಮ ಅವ್ವನ ಹಾಡುಗಳು ಹೋದದ್ದು ನನ್ನ ಆಸೆಬುರುಕತನದಿಂದ.

2009ರ ಸುಮಾರು. ಭಟ್ಕಳದಲ್ಲಿ ನನ್ನದು ಕಂಪ್ಯೂಟರ್ ರಿಪೇರಿ ಅಂಗಡಿ, ನೀವು ಮುಟ್ಟಳ್ಳಿ ಕಡೆಯ ಶಾಲೆಯಲ್ಲಿ ಪಾಠ ಹೇಳುವ ಅಕ್ಕೋರು. ದುಬೈಯಿಂದ ನಿಮ್ಮ ತಮ್ಮ ತಂದುಕೊಟ್ಟ ಸಣ್ಣ ಲ್ಯಾಪ್‌ಟಾಪನ್ನು ಮೇಜಿನ ಮೇಲಿಟ್ಟು, ಇದರಲ್ಲಿ ಜಾಗ ಸಾಲುವುದಿಲ್ಲ ಅಂದಿರಿ. ಬಿಚ್ಚಿ ನೋಡಿದೆ — ಒಳಗೆ ಎಲ್ಲ ತುಂಬಿಡಲು ಇದ್ದದ್ದು ಹಾರ್ಡ್ ಡಿಸ್ಕ್ ಅಲ್ಲ, ಬರೀ ಚಿಪ್‌ಗಳ ಎಸ್‌ಎಸ್‌ಡಿ. ತಿರುಗುವ ತಟ್ಟೆಯೂ ಇಲ್ಲ, ತಟ್ಟೆಯ ಮೇಲೆ ಓಡಾಡುವ ಮುಳ್ಳೂ ಇಲ್ಲ. ಅದರ ಬಗ್ಗೆ ಓದಿದ್ದೆ, ಕೈಯಲ್ಲಿ ಹಿಡಿದದ್ದು ಅದೇ ಮೊದಲು. ನನಗೆ ಬೇಕು ಅನ್ನಿಸಿತು. ಅಷ್ಟೇ — ಮನೆಯಲ್ಲಿ ಕಷ್ಟ, ಹಾಗೆ, ಹೀಗೆ ಅಂತ ಎಂತದೂ ಇರಲಿಲ್ಲ.

"ಇದೆಲ್ಲ ಬರೀ ಶೋಕಿ ಅಕ್ಕೋರೇ. ದೊಡ್ಡ ಹಾರ್ಡ್ ಡಿಸ್ಕ್ ಹಾಕಿಕೊಡ್ತೆ, ಬದಲಿಗೆ ಇದನ್ನು ನಾನು ಇಟ್ಕೊಳ್ತೆ" ಅಂದೆ.

ನೀವು ಹೂಂ ಅಂದವರು, ಮತ್ತೆ ಕೇಳಿದಿರಿ: "ಇದು ಅವ್ವನ ಹಾಡು ತುಂಬಿಸ್ಕೊಳ್ಳೂದಕ್ಕೆ. ಒನಕೆ ಕೈಯಲ್ಲಿ ಇಲ್ಲದಿದ್ರೆ ಅವಳಿಗೆ ಒಂದು ಪದವೂ ಬರೂದಿಲ್ಲ. ಒರಳಿನ ಬುಡದಲ್ಲೇ ಇಡ್ಬೇಕು, ಇಲ್ಲದಿದ್ರೆ ದನಿ ಸಿಕ್ಕೂದಿಲ್ಲ. ನೆಲ ಅದುರ್ತದೆ. ಇದಕ್ಕೆ ಎಂತ ಆಗೂದಿಲ್ಲಲ್ಲ?"

ನಮ್ಮ ಮನೆಯಲ್ಲೂ ಅವಲಕ್ಕಿ ಕುಟ್ಟಿದ್ದಾರೆ. ಒನಕೆಯ ಪೆಟ್ಟು ಜಗಲಿಯ ತುದಿಯಲ್ಲಿ ಕೂತವರ ಬೆನ್ನಿಗೂ ತಾಗುತ್ತದೆ. ಅಂಥ ನೆಲದ ಮೇಲೆ, ತಟ್ಟೆ ತಿರುಗುತ್ತಿರುವಾಗ, ಮುಳ್ಳು ತಟ್ಟೆಗೆ ಬಡಿಯದೆ ಹಾರ್ಡ್ ಡಿಸ್ಕ್ ಎಷ್ಟು ದಿನ ತಡೆದೀತು? ಆ ಕೆಲಸಕ್ಕೆ ಹೇಳಿ ಮಾಡಿಸಿದ್ದು ನಾನು ಕಿತ್ತಿಟ್ಟುಕೊಂಡ ಎಸ್‌ಎಸ್‌ಡಿಯೇ. ಗೊತ್ತಿತ್ತು, ಅಕ್ಕೋರೇ. ಚೆನ್ನಾಗಿ ಗೊತ್ತಿತ್ತು.

"ಎಂತ ಆಗೂದಿಲ್ಲ" ಅಂದೆ.

ಸುಗ್ಗಿ ಮುಗಿಯುವ ಹೊತ್ತಿಗೆ ನೀವು ಓಡಿಬಂದಿರಿ. ಬಟನ್ ಒತ್ತಿದರೆ ಒಳಗಿಂದ ಕಟ್ ಕಟ್ ಸದ್ದು, ಪರದೆ ಕಪ್ಪು. ಹಾಡಿಸಿದ್ದೆಲ್ಲ ಅದರಲ್ಲೇ ಇತ್ತು, ಬೇರೆ ಕಡೆ ಕಾಪಿ ಇರಲಿಲ್ಲ. ನಾನು ಸುಮ್ಮನೆ ಬಿಚ್ಚಿ ಮುಚ್ಚಿದೆ. "ಎಲ್ಲಾದ್ರೂ ಬೀಳಿಸಿದ್ರಾ?" ಅಂತ ಕೇಳಿದೆ. ನೀವು ನೆನಪು ಮಾಡಿಕೊಂಡಿರಿ, ಪಾಪ — ಬಸ್ಸಿಳಿಯುವಾಗ ಚೀಲ ಬಾಗಿಲಿಗೆ ತಾಗಿತ್ತಂತೆ. "ಹಾಂ, ಅದೇ ಮತ್ತೆ" ಅಂದುಬಿಟ್ಟೆ.

ಇದಕ್ಕಿಂತ ಕೆಟ್ಟದ್ದು ಇನ್ನೂ ಇದೆ. ನೀವು ಕಣ್ಣೊರೆಸಿಕೊಂಡು ಹೇಳಿದಿರಿ: "ಹೋಗ್ಲಿ, ಅವ್ವ ಗಟ್ಟಿ ಇದ್ದಾಳಲ್ಲ. ಬೇರೆ ಹಾಕಿಕೊಡಿ, ಮತ್ತೊಂದು ಸಲ ಹಾಡಿಸ್ತೆ."

ಮತ್ತೊಂದು ಹಾರ್ಡ್ ಡಿಸ್ಕ್ ಹಾಕಿದರೆ ಅದೂ ಒರಳಿನ ಬುಡದಲ್ಲೇ ಸಾಯುತ್ತದೆ, ಆಗ ನನ್ನ ಸುಳ್ಳು ಬಯಲಾಗುತ್ತದೆ. ಎಸ್‌ಎಸ್‌ಡಿ ವಾಪಸ್ಸು ಹಾಕಲೋ — ಅದು ಅದೇ ಮೇಜಿನ ಮೇಲೆ, ನಿಮ್ಮ ಕಣ್ಣೆದುರೇ, ನನ್ನ ಲ್ಯಾಪ್‌ಟಾಪಿನೊಳಗೆ ಇತ್ತು. ಬಿಚ್ಚಿಕೊಡಲು ಕೈ ಬರಲಿಲ್ಲ. ಸಾಮಾನು ಹುಬ್ಬಳ್ಳಿಯಿಂದ ಬರಬೇಕು ಅಂದೆ. ಮುಂದಿನ ವಾರ ಅಂದೆ. ನೀವು ಬಂದಾಗಲೆಲ್ಲ ನಾಳೆ, ನಾಡಿದ್ದು... ಹಾಗೆ ಸತಾಯಿಸುತ್ತಿದ್ದಾಗಲೇ ನಿಮ್ಮ ಅವ್ವನಿಗೆ ಲಕ್ವ ಹೊಡೆಯಿತು. ಮಾತೇ ಹೋಯಿತು, ಹಾಡು ಎಲ್ಲಿಂದ ಬರಬೇಕು. ಸಾಮಾನು ಬೇಡ ಅಂತ ಹೇಳಲಿಕ್ಕೂ ನೀವೇ ಅಂಗಡಿಗೆ ಬಂದಿರಿ. "ಆತು, ಇನ್ನು ಎಂತಕ್ಕೆ" ಅಂದು, ನನಗೆ ತೊಂದರೆ ಕೊಟ್ಟೆ ಅಂತ ಬೇಜಾರು ಮಾಡಿಕೊಂಡು ಹೋದಿರಿ.

ಈಗ ಅಂಗಡಿಗೆ ಬಂದವರು ಕೇಳುತ್ತಾರೆ — ಎಸ್‌ಎಸ್‌ಡಿಗೆ ಅಷ್ಟು ಸುರಿಯುವುದು ದಂಡ ಅಲ್ದಾ, ಹಾರ್ಡ್ ಡಿಸ್ಕೇ ಸಾಕಲ್ಲ? ಯಾವುದಕ್ಕೆ ಬಳಸುತ್ತೀರಿ ಅಂತ ಮೊದಲು ವಿಚಾರಿಸುತ್ತೇನೆ. ನಿಮ್ಮನ್ನು ವಿಚಾರಿಸುವುದೇ ಬೇಕಿರಲಿಲ್ಲ, ನೀವೇ ಹೇಳಿದ್ದಿರಿ.

ಮೊನ್ನೆ ಹೊನ್ನಾವರದ ಶಾಲೆಯೊಂದರಲ್ಲಿ ನೀವು ಭಾಷಣಕ್ಕೆ ಬಂದಿದ್ದಿರಿ, ನಾನು ಪ್ರೊಜೆಕ್ಟರ್ ಹಾಕಲು ಬಂದಿದ್ದೆ. ಮಕ್ಕಳೆದುರು ಹೇಳಿದಿರಿ: "ನನ್ನ ಉದಾಸೀನದಿಂದ ಅವ್ವನ ಹಾಡು ಕಳೆದೆ. ಕುಮಟೆಯಲ್ಲಿರುವ ನನ್ನ ತಂಗಿ ಆವತ್ತಿನಿಂದ ನನ್ನ ಹತ್ರ ಮಾತಾಡೂದಿಲ್ಲ." ಕೆಳಗಿಳಿದವರು ನನ್ನ ಗುರುತು ಹಿಡಿದಿರಿ. ಹೆಡ್‌ಮಾಸ್ತರಿಗೆ ತೋರಿಸಿ, ಆಗ ಇವರು ನಮಗಾಗಿ ಬಹಳ ಕಷ್ಟಪಟ್ಟರು ಅಂದಿರಿ. ನಾನು... ನಕ್ಕೆ, ಅಕ್ಕೋರೇ. ಕೈಮುಗಿದು ನಕ್ಕೆ.

ನಿಮಗೆ ಹೀಗೆ ಬರೆದು ಕೈತೊಳೆದುಕೊಂಡರೆ ಸಾಲದು. ನಿಮ್ಮ ತಂಗಿಗೂ ನಾನೇ ಹೇಳಬೇಕು, ಎದುರಲ್ಲಿ ನಿಂತು. ಭಾನುವಾರ ಕುಮಟೆಗೆ ಹೋಗುತ್ತೇನೆ. ಅವರಿಗೆ ನನ್ನ ಗುರುತಿಲ್ಲ. ಬಾಗಿಲಿಗೆ ಬಂದವನೆಂದು ಕೂರಿಸಿ ಬೆಲ್ಲ, ನೀರು ತರಲು ಒಳಗೆ ಹೊರಟಾರು. ಅದಕ್ಕೂ ಮೊದಲೇ, ಅಂಗಳದಲ್ಲಿ ನಿಂತೇ ಹೇಳಿಬಿಡಬೇಕು. ಕುಡಿದು ಆಮೇಲೆ ಹೇಳಿದರೆ, ಆ ನೀರನ್ನೂ ನಿಮ್ಮ ಮನೆಯವರಿಂದ ಮೋಸದಿಂದ ಪಡೆದ ಹಾಗಾಗುತ್ತದೆ.