ಮೊಳೆಗೆ ಸಿಗಿಸಿದ ಗೆಲುವು

ದರ್ಜಿಯ ಎಡಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿತ್ತು. ಎಂದೋ ಹೊಲಿಗೆ ಯಂತ್ರದ ಸೂಜಿ ನೆಟ್ಟಗೆ ಇಳಿದಿತ್ತಂತೆ. ಆ ಸೀಳು ಉಗುರಿನಿಂದಲೇ ಬಟ್ಟೆಯ ಮೇಲೆ ಗೆರೆ ಎಳೆದು, ಮತ್ತೊಮ್ಮೆ ಟೇಪು ಹಿಡಿದು ನೋಡಿ ಆಮೇಲೆ ಕತ್ತರಿಸುತ್ತಿದ್ದ. "ಕತ್ತರಿ ಬಿದ್ದ ಮ್ಯಾಲ ತೋಬಾ, ತಪ್ಪಾತು ಅಂದ್ರ ಅರಿವಿ ಕೂಡಂಗಿಲ್ಲಪಾ" ಎನ್ನುತ್ತಿದ್ದ.

ಕರಜಗಿಯಲ್ಲಿ ಅವನ ಮನೆ, ಅಂಗಡಿ ಎರಡೂ ನನ್ನ ಚಹಾದಂಗಡಿಯ ಪಕ್ಕದಲ್ಲೇ. ಚಹಾ ಬರೀ ನೆಪ. ಕ್ರಿಕೆಟ್ ಬಾಜಿ ಹಿಡಿಯುವುದು ನನ್ನ ದಂಧೆ. ಯಾರು ಸೋತರೂ ನನಗೊಂದು ಪಾಲು.

ಗೆದ್ದ ದಿನ ದರ್ಜಿ ಗೆದ್ದ ತಂಡದ ಬಣ್ಣದ ಚಿಂದಿಯೊಂದನ್ನು ಗೋಡೆಯ ಮೊಳೆಗೆ ಸಿಗಿಸುತ್ತಿದ್ದ. ಸೋತ ದಿನಕ್ಕೆ ಗುರುತಿಲ್ಲ. ಎದುರಿಗಿದ್ದ ಆ ಗೊಂಚಲು ನೋಡುತ್ತಲೇ ಪೆಡಲು ತುಳಿಯುತ್ತಿದ್ದವನಿಗೆ ತಾನು ಬರೀ ಗೆಲ್ಲುತ್ತಿದ್ದೇನೆ ಎಂದೇ ಅನಿಸಿಬಿಟ್ಟಿತ್ತು. ಸೋತದ್ದನ್ನು ನೆನಪಿಸಬೇಕಾದವನು ನಾನು. ಮೊಳೆ ಸಾಲದಾದಾಗ ಇನ್ನೊಂದು ಮೊಳೆ ಬಡಿದುಕೊಟ್ಟೆ.

ಒಂದು ಬೇಸಿಗೆ ಟಾಸಿನ ಮೇಲೆ ಕಟ್ಟತೊಡಗಿ ಒಂದೇ ಸಮ ಸೋತ. ಕೊನೆಗೆ ಯಂತ್ರವನ್ನೇ ಬಾಜಿಗಿಡುತ್ತೇನೆಂದು ಬಂದ.

"ಇಷ್ಟು ಸಲ ಸೋತೇನಿ. ಇನ್ನ ಪಾಳಿ ನಂದ ಅಲ್ಲೇನು ಮಾಮಾ?"

ಚಹಾ ಕುಡಿಯುತ್ತಿದ್ದವನೊಬ್ಬ ಕೆಣಕಿದ: "ಲೇ ದರ್ಜಿ, ಮಷಿನ್ ಹೋದ್ರ ಬಾಯಾಗಿನ ಹಲ್ಲೀಲೆ ಹೊಲೀತಿಯೇನೋ?"

ಎಲ್ಲರೂ ನಕ್ಕರು. ದರ್ಜಿಯೂ ನಕ್ಕ.

ಮೇಲೆ ಹಾರುವ ನಾಣ್ಯಕ್ಕೆ ಹಿಂದಿನದು ನೆನಪಿರುವುದಿಲ್ಲ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಜನರಿಗೆ ಅದು ಹೊಳೆಯುವುದಿಲ್ಲ ಎಂಬುದರ ಮೇಲೆಯೇ ನನ್ನ ಹೊಟ್ಟೆ ನಡೆಯುತ್ತಿತ್ತು.

"ಖರೇನ ಐತಿ ನೋಡಪಾ. ಎಷ್ಟಂತ ಸೋಲ್ತಿ? ದೇವರಿಗೂ ನಾಚಿಕಿ ಬರ್ತದ" ಎಂದೆ.

ಸೋತ. ಮರುದಿನ ಅಫಜಲಪುರದಿಂದ ಟೆಂಪೋ ಬಂತು. ಯಂತ್ರ ಎತ್ತಲು ಒಂದು ಕಡೆ ನಾನು ಕೈ ಹಚ್ಚಿದೆ, ಇನ್ನೊಂದು ಕಡೆ ಅವನು. "ಸಾವಕಾಶ ಮಾಮಾ, ಅದರ ಕಾಲು ಅಲಗಾಡ್ತದ" ಎಂದ. ಹೆಂಡತಿಗೆ ಮಾತ್ರ, ಯಂತ್ರ ರಿಪೇರಿಗೆ ಹೋಗಿದೆ ಎಂದು ಹೇಳಿದನಂತೆ.

ಆಮೇಲೆ ಬೇರೆಯವರ ಅಂಗಡಿಯಲ್ಲಿ ಗುಂಡಿ ಹಚ್ಚಿಕೊಂಡಿದ್ದ. ಹೋದ ಚಳಿಗಾಲ ತೀರಿಕೊಂಡ. ಊರಿನ ಬಡವರ ಹೆಣಕ್ಕೆ ಹೊದಿಸುವ ಕಫನ್ ಬಟ್ಟೆಯನ್ನೆಲ್ಲ ಪುಕ್ಕಟೆ ಕತ್ತರಿಸಿಕೊಟ್ಟ ಕೈ ಅದು. ಅವನ ಕಫನ್ ಕತ್ತರಿಸಿದವನು ಅಳತೆ ಕೂಡ ತೆಗೆಯಲಿಲ್ಲ.

ಕೆಲವು ದಿನ ಕಳೆದ ಮೇಲೆ ಅವನ ಹೆಂಡತಿ ಆ ಚಿಂದಿಗಳನ್ನೆಲ್ಲ ಸೆರಗಿನಲ್ಲಿ ತಂದು ನನ್ನ ಮುಂದೆ ಸುರಿದಳು.

"ಅಣ್ಣಾ, ಗೆದ್ದಾಗೊಮ್ಮೆ ಒಂದು ಸಿಗಸ್ತೇನಿ ಅಂತಿದ್ರು. ಇಷ್ಟೆಲ್ಲಾ ಗೆದ್ದಾರ. ರೊಕ್ಕ ಎಲ್ಲಿ ಇಟ್ಟಾರ್ರಿ? ಒಲಿ ಹಿಂದ ಅಗದು ನೋಡೀನಿ, ಸಿಗಲಿಲ್ಲ. ನಿಮಗ ಗೊತ್ತಿರ್ತದ, ಹೇಳ್ರಿ."

"ನನಗೇನು ಗೊತ್ತವ್ವಾ" ಎಂದೆ.

ಈಗಲೂ ಒಮ್ಮೊಮ್ಮೆ ಗೋಡೆಯಾಚೆ ನೆಲ ಅಗೆಯುವ ಸದ್ದು ಕೇಳುತ್ತದೆ. ಎದ್ದು ಹೋಗಿ ಹೇಳಿಬಿಡಬೇಕು ಎಂದುಕೊಳ್ಳುತ್ತೇನೆ, ಹೋಗುವುದಿಲ್ಲ. ಅದರ ಬದಲು ಇದನ್ನು ಬರೆದೆ. ಆಕೆಗೆ ಓದಲು ಬರುವುದಿಲ್ಲ ಎಂದು ಗೊತ್ತಿದ್ದೇ ಬರೆದೆ.