ಒಂದು ಮೇಜಿಗೆ ಒಂದೇ ಕುಟುಂಬ

ಬಾರ್ ಮುಚ್ಚಿದ್ದ ತಿಂಗಳುಗಳಲ್ಲಿ ಅದು ಯಾವಾಗ ತೆರೆದೀತು ಎಂದು ಕುಡುಕರಿಗಿಂತ ಹೆಚ್ಚು ಹಂಬಲಿಸಿದವಳು ಒಬ್ಬ ಹೆಂಗಸು. ಮದ್ಯದ ವಾಸನೆ ಬಂದರೆ ಸೆರಗಿನಿಂದ ಮೂಗು ಮುಚ್ಚಿಕೊಳ್ಳುವವಳು. ಅವಳ ಗಂಡ ಆ ಬಾರಿನ ಹಿರಿಯ ಸಪ್ಲೈಯರ್.

ಗಂಡನನ್ನು ಬೀದಿಗೆ ಬೀದಿಯೇ "ಮಾವ" ಎಂದು ಕರೆಯುತ್ತಿತ್ತು. ಮೊದಲು ಯಾರು ಕರೆದರೋ, ಯಾವ ಸಂಬಂಧ ಹಿಡಿದು ಕರೆದರೋ ಯಾರಿಗೂ ನೆನಪಿಲ್ಲ. ಮೂರನೇ ಗ್ಲಾಸಿನ ಹೊತ್ತಿಗೆ ಎಂಥವನಿಗೂ ಒಬ್ಬ ಮಾವ ಬೇಕೆನಿಸುತ್ತದೆ, ಆಗ ಎದುರಿಗೆ ನಿಂತಿರುತ್ತಿದ್ದವನು ಇವನು. ಲೋಟ ತೊಳೆಯಲು ಸೇರಿದವನು ಕೂದಲು ನರೆಯುವ ಹೊತ್ತಿಗೆ ಇಡೀ ಬಾರಿಗೆ ಹಿರಿಯನಾಗಿದ್ದ. ತಟ್ಟೆ ಹಿಡಿಯುವುದರಲ್ಲಿ ಅವನಿಗಿಂತ ಚುರುಕಾದವರು ಬೇಕಾದಷ್ಟು ಜನ ಇದ್ದರು. ಆದರೆ ಜನರನ್ನು ಕೂರಿಸುವುದರಲ್ಲಿ ಅವನಿಗೆ ಅವನೇ ಸಾಟಿ. ಎರಡು ಗ್ಲಾಸಿಗೇ ಅಳುವವನನ್ನು ಗದ್ದಲದ ಫ್ಯಾನಿನ ಕೆಳಗೆ ಕೂರಿಸುತ್ತಿದ್ದ, ಅಳು ಯಾರಿಗೂ ಕೇಳಿಸದಿರಲೆಂದು. ಹೆಂಡತಿ ಬಿಟ್ಟುಹೋದವನಿಗೆ ಹೊಸ ಮದುವೆಯ ಜೋಡಿ ಕಣ್ಣಿಗೆ ಬೀಳದಂತೆ ನೋಡಿಕೊಳ್ಳುತ್ತಿದ್ದ. ಎಲ್ಲಕ್ಕಿಂತ ದೊಡ್ಡ ಗೌರವವೆಂದರೆ ಕೈತೊಳೆಯುವ ಬೇಸಿನ್ ಪಕ್ಕದ ಮೇಜು. ಅದು ಖಾಸಾ ಗಿರಾಕಿಗಳದ್ದು. ಕೈ ತೊಳೆಯಲು ಎದ್ದು ಹೋಗುವ ಕಷ್ಟವಿಲ್ಲ, ಅಡುಗೆಮನೆಯಿಂದ ಬಂದ ತಟ್ಟೆ ಮೊದಲು ತಲುಪುವುದು ಅಲ್ಲಿಗೇ.

ಈ ವಿದ್ಯೆ ಅವನಿಗೆ ಕೈಕೊಟ್ಟದ್ದು ಒಂದೇ ಸಲ, ಅದೂ ಹೆಂಡತಿಯ ತಮ್ಮನ ಮದುವೆಯಲ್ಲಿ. ಊಟಕ್ಕೆ ಕೂರಿಸುವ ಹೊಣೆಯನ್ನು ತಾನಾಗಿಯೇ ಮೈಮೇಲೆ ಎಳೆದುಕೊಂಡ ಮಾವ, ಹೆಣ್ಣಿನ ಸೋದರಮಾವನನ್ನು ಕೈಹಿಡಿದು ಕರೆದೊಯ್ದು ಬೇಸಿನ್ ಪಕ್ಕದಲ್ಲಿ ಕೂರಿಸಿದ. ತನ್ನಿಂದ ಸಾಧ್ಯವಿದ್ದ ಅತಿ ದೊಡ್ಡ ಮರ್ಯಾದೆ! ಬಂದವರೆಲ್ಲ ಬಾಯಿ ಮುಕ್ಕಳಿಸಿ ಉಗಿದ ನೀರು ಆ ದೊಡ್ಡ ಮನುಷ್ಯನ ರೇಷ್ಮೆ ಅಂಗಿಗೆ ಸಿಡಿಯಿತು. ಅವರು ತುತ್ತು ಬಿಟ್ಟು ಎದ್ದರು. ಅಂದಿನಿಂದ ಭಾವ-ಭಾಮೈದರ ನಡುವೆ ಮಾತಿಲ್ಲ, ಕತೆಯಿಲ್ಲ. ಮಾವ ಮಾತ್ರ ತನ್ನ ತಪ್ಪೇನೆಂದು ಇನ್ನೂ ಅರ್ಥವಾಗದೆ ಕೊರಗುತ್ತಿದ್ದ.

ಸೋಂಕು ಬಂತು, ಬಾರ್ ಮುಚ್ಚಿತು, ಮಾವ ಮನೆಯಲ್ಲಿ ಕುಳಿತ. ಕುಳಿತ ಎಂಬುದು ಬರೀ ಮಾತಿಗೆ. ಊಟದ ಹೊತ್ತಿಗೆ ಹೆಗಲ ಮೇಲೆ ಟವೆಲ್ ಹಾಕಿಕೊಂಡು ಎಲ್ಲರ ಬೆನ್ನ ಹಿಂದೆ ನಿಲ್ಲುತ್ತಿದ್ದ. ಮಗಳನ್ನು ಕಿಟಕಿಯಿಂದ ಎಬ್ಬಿಸಿ ಗೋಡೆಗೆ, ಜೊತೆಗಿದ್ದ ತನ್ನ ಅತ್ತೆಯನ್ನು ಗೋಡೆಯಿಂದ ಎಬ್ಬಿಸಿ ಕಿಟಕಿಗೆ ಕೂರಿಸುತ್ತಿದ್ದ. ಡಬ್ಬಿಗಳನ್ನೆಲ್ಲ ಎತ್ತರದ ಪ್ರಕಾರ ಜೋಡಿಸಿದ್ದರಿಂದ ಒಂದು ದಿನ ಚಹಾಕ್ಕೆ ಉಪ್ಪು ಬಿತ್ತು. ಕೊನೆಯ ತುತ್ತು ಬಾಯಲ್ಲಿರುವಾಗಲೇ ತಟ್ಟೆ ಮಾಯವಾಗುತ್ತಿತ್ತು.

"ರೀ, ಇದು ಮನೆ," ಎಂದಳು ಹೆಂಡತಿ. "ಹಿಂದೆ ಯಾರೂ ಸೀಟಿಗೆ ಕಾಯ್ತಾ ನಿಂತಿಲ್ಲ. ನಿಧಾನಕ್ಕೆ ಉಣ್ಣಕ್ಕೆ ಬಿಡಿ."

"ಮೇಜು ಖಾಲಿ ಇದ್ರೆ ಲಕ್ಷಣ ಕಣೇ."

"ಮನೆಯೇ ಖಾಲಿ ಆದೀತು, ನೋಡ್ತಿರಿ."

ಮಗಳು ತಟ್ಟೆ ಹಿಡಿದು ಮಲಗುವ ಕೋಣೆ ಸೇರಿದಳು. ಅತ್ತೆ ಹಸಿವಿಲ್ಲ ಎನ್ನತೊಡಗಿದಳು. ಊರನ್ನೆಲ್ಲ ಕೂರಿಸಿದವನಿಗೆ ತನ್ನ ಮನೆಯಲ್ಲಿ ತಾನು ಎಲ್ಲಿ ಕೂರಬೇಕೆಂದು ತಿಳಿಯಲಿಲ್ಲ.

ಬೇಸಿಗೆ ಹೊತ್ತಿಗೆ ಅಪ್ಪಣೆಯಾಯಿತು: ಒಳಗೆ ಬೇಡ, ಹೊರಗೆ ತೆರೆಯಿರಿ. ಗಾಳಿಯಲ್ಲಿ ಕುಡಿದರೆ ರೋಗವಿಲ್ಲವಂತೆ. ರಸ್ತೆಯ ಅರ್ಧವನ್ನು ಹಗ್ಗ ಕಟ್ಟಿ ಹಿಡಿದರು. ನಿನ್ನೆಯವರೆಗೆ ನಾಯಿ ಮಲಗುತ್ತಿದ್ದ ಜಾಗದಲ್ಲಿ ಛತ್ರಿ, ಹೂಕುಂಡ, ಮೇಣದಬತ್ತಿ ಬಂದವು. ಬಾರಿನಲ್ಲಿ ಕೂತರೆ ಮಾನ ಹೋಗುತ್ತದೆಂದು ಒಳಗಿನ ಕತ್ತಲ ಮೂಲೆ ಹುಡುಕುತ್ತಿದ್ದವರು ಈಗ ನಡುಬೀದಿಯಲ್ಲಿ ಬಿಯರ್ ಎತ್ತಿ ಫೋಟೋ ತೆಗೆಸಿಕೊಂಡರು. ನಿಂತವನಿಗೆ ಮಾಸ್ಕ್ ಕಡ್ಡಾಯ, ಕೂತವನಿಗೆ ಬೇಡ. ರೋಗಕ್ಕೂ ಕೂತವರನ್ನು ಕಂಡರೆ ಅಷ್ಟು ಮರ್ಯಾದೆ. ಹಣೆಗೆ ಹಿಡಿಯುವ ಜ್ವರದ ಮಿಷನ್ ಉರಿಬಿಸಿಲಲ್ಲಿ ಎಲ್ಲರಿಗೂ ಜ್ವರ ತೋರಿಸುತ್ತಿತ್ತು. ಆದ್ದರಿಂದ ಗಿರಾಕಿಗಳನ್ನು ಮೊದಲು ಫ್ರಿಜ್ಜಿನ ಮುಂದೆ ನಿಲ್ಲಿಸಿ, ತಂಪಾದ ಮೇಲೆ ಅಳೆಯುತ್ತಿದ್ದರು.

ಇದೆಲ್ಲ ನಡೆದುಹೋಗುತ್ತಿತ್ತು. ತೊಡಕಾದದ್ದು ಇನ್ನೊಂದು ನಿಯಮ: ಒಂದು ಮೇಜಿಗೆ ಒಂದೇ ಕುಟುಂಬ. ಮಾಲೀಕ ಮಾವನನ್ನು ಪಕ್ಕಕ್ಕೆ ಕರೆದ.

"ಎದುರು ಮಹಡಿಯವರು ಆಗಲೇ ದೂರು ಕೊಟ್ಟಿದ್ದಾರೆ. ಒಂದೇ ಒಂದು ತಪ್ಪು ಸಿಕ್ಕಿದ್ರೂ ಹೊರಗಿನ ಪರವಾನಗಿ ಹೋಗತ್ತೆ. ಅದು ಹೋದ್ರೆ ನೀನೂ ಮನೆಗೆ ಹೋಗಿ ಆರಾಮಾಗಿರು, ಮಾವ."

ಮನೆ ಎಂಬ ಮಾತು ಕೇಳಿದ್ದೇ ಮಾವನಿಗೆ ಸಾಕಾಯಿತು. ಅವನು ಅಂದೇ ಕುಟುಂಬಗಳನ್ನು ಕಟ್ಟಲು ಕೂತ.

ಒಳಗಿದ್ದಾಗ ಒಬ್ಬೊಬ್ಬರೇ ಒಂದೊಂದು ಮೇಜು ಹಿಡಿದು ಕೂರುತ್ತಿದ್ದ ಒಂಟಿಗಳೇ ಬಾರಿನ ಆಸ್ತಿ. ಹೊರಗೆ ಅಷ್ಟು ಮೇಜುಗಳಿಲ್ಲ. ಹೀಗಾಗಿ ನಿವೃತ್ತ ಡ್ರಾಯಿಂಗ್ ಮೇಷ್ಟ್ರು ತಂದೆಯಾದರು. ಪಂಕ್ಚರ್ ಅಂಗಡಿಯವನು ಮಗನಾದ. ಇನ್ಶೂರೆನ್ಸ್ ಏಜೆಂಟನನ್ನು ಅಳಿಯನೆಂದು ಕೂರಿಸಿದಾಗ ಅವನು ಮುಖ ಗಂಟು ಹಾಕಿದ.

"ನನಗೆ ಮಗಳನ್ನ ಕೊಡೋಕೆ ಮೇಷ್ಟ್ರಿಗೆ ಮದುವೆಯೇ ಆಗಿಲ್ವಲ್ಲ, ಮಾವ!"

"ಅದು ಅವರವರ ಮನೆ ವಿಷಯ. ಯಾರಾದ್ರೂ ಕೇಳಿದ್ರೆ 'ಮಾವನವರು' ಅನ್ನಿ, ತಲೆ ಬಗ್ಗಿಸಿ. ಕಾಲಿನ ತುಂಡು ನಿಮಗೇ ಬರೋ ಹಾಗೆ ನಾನು ನೋಡ್ಕೋತೀನಿ."

ಕೋಳಿಕಾಲಿನ ಆಸೆಗೆ ಸಂಬಂಧ ಕುದುರಿತು. ಬೇಸಿಗೆ ಬಲಿತಂತೆ ಸುಳ್ಳು ಸಂಸಾರಕ್ಕೂ ಬೇರು ಬಂತು. ಮೇಷ್ಟ್ರು ಪಂಕ್ಚರಿನವನಿಗೆ "ಸಾಕು ನಿಲ್ಸೋ, ಮಿತಿ ಬೇಡ್ವಾ?" ಎಂದು ಗದರತೊಡಗಿದರು. ಏಜೆಂಟನಂತೂ, ತನಗಿಂತ ಮೊದಲು ಬೇರೆಯವರಿಗೆ ಬಡಿಸಿದರೆಂದು ಒಂದು ಸಂಜೆ ಮುನಿದು ಬರಲೇ ಇಲ್ಲ. ಮಗನೇ ಹೋಗಿ ಸ್ಕೂಟರಿನಲ್ಲಿ ಕೂರಿಸಿಕೊಂಡು ಬರಬೇಕಾಯಿತು.

ತಪಾಸಣೆಗೆ ಬರುತ್ತಿದ್ದವಳು ಒಬ್ಬ ಅಧಿಕಾರಿಣಿ. ಮೇಜು ಮೇಜಿನ ನಡುವಿನ ಅಂತರ ಅಳೆಯಲು ಸದಾ ಟೇಪು ಹಿಡಿದಿರುತ್ತಿದ್ದಳಾದ್ದರಿಂದ ಬೀದಿಗೆ ಅವಳು ಟೇಪು ಮೇಡಂ. ಅವಳ ಕಣ್ಣು ತಪ್ಪಿಸುವುದು ಸುಲಭವಿರಲಿಲ್ಲ.

ಒಂದು ಶನಿವಾರ ಸಂಜೆ, ಮೇಜುಗಳೆಲ್ಲ ತುಂಬಿ, ನೀರಿನ ಡ್ರಮ್ಮಿಗೆ ನಲ್ಲಿ ಕೂರಿಸಿ ಮಾಡಿದ್ದ ಕೈತೊಳೆಯುವ ಜಾಗದ ಪಕ್ಕ ಒಂದೇ ಮೇಜು ಉಳಿದಿದ್ದಾಗ, ಹಗ್ಗದಾಚೆ ಮಾವನ ಹೆಂಡತಿ ನಿಂತಿದ್ದಳು. ಜೊತೆಯಲ್ಲಿ ಅವಳ ತಮ್ಮ. ಬಾರಿನ ಮುಖ ನೋಡದವಳು ಬಂದದ್ದಕ್ಕೆ ಕಾರಣವಿತ್ತು. ಮನೆಯಲ್ಲಿ ರಾಜಿ ಮಾಡಿಸಲು ಹೋದರೆ ಕಿತ್ತಾಡುತ್ತಾರೆ, ನಾಲ್ಕು ಜನರ ಎದುರು ಬಾಯಿ ಮುಚ್ಚಿಕೊಂಡಿರುತ್ತಾರೆ ಎಂಬುದು ಅವಳ ಲೆಕ್ಕಾಚಾರ.

ಮಾವ ಮುಂದೆ ಬಂದು ಭಾಮೈದನ ಹಣೆಗೆ ಮಿಷನ್ ಹಿಡಿದ. ಇಷ್ಟು ವರ್ಷಗಳಲ್ಲಿ ಇಬ್ಬರೂ ಇಷ್ಟು ಹತ್ತಿರ ನಿಂತದ್ದು ಇದೇ ಮೊದಲು. ಮಾವ, ಇಂದು ಇವನಿಗೆ ತಕ್ಕ ಮರ್ಯಾದೆ ಮಾಡಬೇಕು ಎಂದುಕೊಂಡು, ಕುರ್ಚಿಯನ್ನು ಟವೆಲ್ಲಿನಿಂದ ಒರೆಸಿ, ಡ್ರಮ್ಮಿನ ಪಕ್ಕದ ಮೇಜಿನ ಕಡೆ ಕೈ ತೋರಿಸಿದ.

ಭಾಮೈದ ನಲ್ಲಿಯನ್ನು ನೋಡಿದ. ಅದು ತೊಟ್ಟಿಕ್ಕುತ್ತಿತ್ತು.

"ಅಕ್ಕಾ, ನೋಡಿದ್ಯಾ? ಮತ್ತೆ ಅಲ್ಲೇ! ನನ್ನ ಹೆಂಡ್ತಿ ಸೋದರಮಾವನಿಗೆ ಮಾಡಿದ್ದು ಸಾಲದು ಅಂತ ಈಗ ನನಗೂ!"

"ಸುಮ್ನೆ ಕೂತ್ಕೊಳೋ, ಬೇರೆ ಮೇಜಿಲ್ಲ."

"ಕೂರಲ್ಲ. ನೀನೂ ಅವರ ಕಡೆಯವಳೇ. ಯಾವಾಗ ನನ್ನ ಪರ ಮಾತಾಡಿದ್ದೀಯ?"

"ನಿನ್ನ ಪರ ಮಾತಾಡಿ ಮಾತಾಡಿ ನನ್ನ ಹಲ್ಲು ಸವೆದಿದೆ!"

ಅದೇ ಹೊತ್ತಿಗೆ ಬೀದಿಯ ತುದಿಯಲ್ಲಿ ಟೇಪು ಮೇಡಂ ಕಾಣಿಸಿದಳು. ಮೊದಲ ಮೇಜೇ ಮೇಷ್ಟ್ರದ್ದು.

"ಇವರು ನಿಮಗೆ ಏನಾಗಬೇಕು?"

"ಮಾವನವರು," ಎಂದು ಏಜೆಂಟ್ ತಲೆ ತಗ್ಗಿಸಿದ. ಮೇಷ್ಟ್ರು ನಗುತ್ತ ಅವನ ತಟ್ಟೆಗೆ ಆಲೂಗಡ್ಡೆ ಹಾಕಿದರು. ಮಗ ತಂದೆಗೆ ನೀರು ಬಗ್ಗಿಸಿದ. ಮೇಡಂ ಮುಂದೆ ನಡೆದಳು, ಡ್ರಮ್ಮಿನ ಪಕ್ಕ ನಿಂತಳು.

"ಇವರು ನಿಮಗೆ ಏನಾಗಬೇಕು?"

ಹೆಂಡತಿಯ ಸಿಟ್ಟು ನೆತ್ತಿಯಲ್ಲಿತ್ತು. "ಇವನಾ? ನನಗೆ ಏನೂ ಆಗಬೇಕಿಲ್ಲ."

"ನನಗೂ ಅಷ್ಟೇ," ಎಂದ ತಮ್ಮ. "ಈಯಮ್ಮ ಯಾರೋ, ನಾನು ಯಾರೋ!"

ಮಾವನ ಕೈಯಲ್ಲಿದ್ದ ಟವೆಲ್ ಜಾರಿತು. ಮೇಡಂ ಮಾಲೀಕನನ್ನು ಕರೆದಳು. ಪರಿಚಯವೇ ಇಲ್ಲದವರನ್ನು ಒಂದೇ ಮೇಜಿಗೆ ಕೂರಿಸುತ್ತಿದ್ದಾರೆ, ಪರವಾನಗಿ ರದ್ದು, ಹಗ್ಗ ಬಿಚ್ಚಿ ಎಂದಳು.

"ಮೇಡಂ, ಮೇಡಂ!" ಮಾವ ಕೈಮುಗಿದ. "ಅವಳು ನನ್ನ ಹೆಂಡ್ತಿ. ಇವನು ನನ್ನ ಸ್ವಂತ ಭಾಮೈದ. ಅಕ್ಕ-ತಮ್ಮ ಮೇಡಂ, ಸುಮ್ನೆ ಮುನಿಸು."

"ಈ ಬೀದೀಲಿ ನಿಮಗೆ ಸಂಬಂಧಿ ಅಲ್ಲದವರು ಯಾರ್ರೀ ಇದ್ದಾರೆ? ಕಂಡಕಂಡವರೆಲ್ಲ ನಿಮ್ಮನ್ನ ಮಾವ ಅಂತಾರೆ. ನಂಬೋದಾದ್ರೂ ಹೇಗೆ?" ಅವಳು ಹೆಂಡತಿಯ ಕಡೆ ತಿರುಗಿದಳು. "ಹೇಳೀಮ್ಮ, ಈ ಮನುಷ್ಯ ನಿಮಗೆ ಯಾರು?"

ಹುಟ್ಟಿದಂದಿನಿಂದ ಸತ್ಯವನ್ನೇ ಹೇಳಿದವನಂತೆ ಮಾವ ಹೆಂಡತಿಯ ಮುಖ ನೋಡಿದ. ಅವಳು ಗಂಡನನ್ನು ನೋಡಿದಳು, ಮಾಲೀಕನನ್ನು ನೋಡಿದಳು, ಅರ್ಧ ಬಿಚ್ಚಿದ ಹಗ್ಗವನ್ನು ನೋಡಿದಳು. ನಾಳೆ ಬೆಳಿಗ್ಗೆ ತನ್ನ ಅಡುಗೆಮನೆಯಲ್ಲಿ ಹೆಗಲಿಗೆ ಟವೆಲ್ ಹಾಕಿ ನಿಂತ ಆಕೃತಿ ಅವಳ ಕಣ್ಣಿಗೆ ಕಟ್ಟಿತು.

"ಅಯ್ಯೋ, ನನ್ನ ಗಂಡ ಮೇಡಂ!" ಎಂದು ಕೂಗಿದಳು. "ಕಟ್ಟಿಕೊಂಡ ಗಂಡ! ಇಂಥವರನ್ನ ಯಾರಾದ್ರೂ ಸುಳ್ಳು ಹೇಳಿ ಮೈಮೇಲೆ ಹಾಕ್ಕೋತಾರಾ? ಬಾರ್ ಮುಚ್ಚಿದಾಗ ಇವರು ನಮ್ಮನ್ನ ಉಣ್ಣಕ್ಕೆ ಬಿಟ್ಟಿಲ್ಲ. ಬಾಯಲ್ಲಿ ತುತ್ತಿರುವಾಗಲೇ ತಟ್ಟೆ ಎತ್ತುತ್ತಾರೆ. ನನ್ನ ತಾಯಿ ವಯಸ್ಸಾದವಳು, ಅವಳನ್ನ ದಿನಾ ಗೋಡೆಯಿಂದ ಕಿಟಕಿಗೆ, ಕಿಟಕಿಯಿಂದ ಗೋಡೆಗೆ ಎಬ್ಬಿಸಿ ಕೂರಿಸಿದ್ದಾರೆ. ದಮ್ಮಯ್ಯ, ಇದನ್ನ ಮುಚ್ಚಬೇಡಿ!"

"ಅಮ್ಮನಿಗೂ ಹಾಗೆ ಮಾಡಿದ್ರಾ?" ತಮ್ಮ ಮುಂದೆ ಬಂದ. "ಮೇಡಂ, ನನ್ನ ಮದುವೇಲಿ ಇವರು ಮಾಡಿದ್ದು ಕೇಳಿ. ಹೆಣ್ಣಿನ ಸೋದರಮಾವನ್ನ ಎಂಜಲು ಉಗಿಯೋ ಜಾಗದಲ್ಲಿ ಕೂರಿಸಿದ್ರು, ಕೈಹಿಡಿದು ಕರ್ಕೊಂಡು ಹೋಗಿ!"

"ಅದು ಮರ್ಯಾದೆ ಸೀಟು ಕಣಪ್ಪ!" ಎಂದು ಮಾವ ಚೀರಿದ. ಇಷ್ಟು ವರ್ಷ ಎದೆಯಲ್ಲಿ ಹೂತಿಟ್ಟ ಮಾತು ಅದು. "ನಮ್ಮಲ್ಲಿ ಅದಕ್ಕೆ ಜನ ಬಡಿದಾಡ್ತಾರೆ!"

"ಮರ್ಯಾದೆಯಂತೆ! ಕೇಳಿದ್ಯಾ, ಅಕ್ಕ?"

"ಕೇಳಿದೆ. ಈ ಮನುಷ್ಯನ ಜೊತೆ ಬಾಳ್ತಿದ್ದೀನಿ ನಾನು."

ಅಕ್ಕ-ತಮ್ಮ ಒಂದಾಗಿ, ಒಬ್ಬರು ಬಿಟ್ಟಲ್ಲಿಂದ ಇನ್ನೊಬ್ಬರು ಹಿಡಿದು ಮಾವನನ್ನು ಝಾಡಿಸಿದರು. ಮೇಡಂ ಟೇಪನ್ನು ಸುತ್ತಿದಳು.

"ಸಾಕು, ನಂಬಿದೆ. ಹೊರಗಿನವರು ಇಷ್ಟು ಮನಸ್ಸಿಟ್ಟು ಬೈಯಲ್ಲ."

ಎಲ್ಲರೂ ಉಸಿರು ಬಿಟ್ಟರು. ಆದರೆ ಅವಳು ಹೊರಡಲಿಲ್ಲ. ಏನೋ ಹೊಳೆದವಳಂತೆ ಮೇಷ್ಟ್ರ ಮೇಜಿನತ್ತ ತಿರುಗಿದಳು. ಅಲ್ಲಿ ಮಗ ತಂದೆಗೆ ಇನ್ನೂ ನೀರು ಬಗ್ಗಿಸುತ್ತಿದ್ದ.

"ನೀವೇನ್ರೀ ಇಷ್ಟು ಅನ್ಯೋನ್ಯವಾಗಿದ್ದೀರಿ? ನಿಜಕ್ಕೂ ಒಂದೇ ಮನೆಯವರಾ?"

ಮಾವ ಕಣ್ಣಲ್ಲೇ ಏಜೆಂಟನನ್ನು ಬೇಡಿಕೊಂಡ. ಆದರೆ ಏಜೆಂಟನನ್ನು ಬೇಡುವ ಅಗತ್ಯವಿರಲಿಲ್ಲ. ಅವನು ತಟ್ಟೆ ಸರಿಸಿ ಎದ್ದ.

"ಅನ್ಯೋನ್ಯ! ಕಾಲಿನ ತುಂಡು ಕೊಡ್ತೀವಿ ಅಂತ ಕರೆದು ಬೇಸಿಗೆಯೆಲ್ಲ ರೆಕ್ಕೆ ತಿನ್ನಿಸಿದ್ದಾರೆ, ಮೇಡಂ! ಎಲ್ಲಾ ಆ ಮಗನಿಗೇ!"

"ಅಳಿಯ ಅಂತ ತಲೆ ಮೇಲೆ ಕೂರಿಸ್ಕೊಳ್ಳಕ್ಕಾಗುತ್ತಾ?" ಪಂಕ್ಚರಿನವನೂ ಎದ್ದ. "ಮುನಿಸ್ಕೊಂಡಾಗ ಕರೆಯಕ್ಕೆ ಹೋಗಬೇಕಾದವನು ನಾನು! ಪೆಟ್ರೋಲ್ ನಂದು!"

"ಇಬ್ರೂ ಕೂತ್ಕೊಳ್ರೋ!" ಮೇಷ್ಟ್ರು ಮೇಜು ಗುದ್ದಿದರು. "ನನಗೆ ಹುಟ್ಟಿದವರಾಗಿದ್ರೆ ಹೀಗಿರ್ತಿರಲಿಲ್ಲ!"

ಕೊನೆಯ ಮಾತು ಕೊಂಚ ಅಪಾಯದ್ದೇ. ಆದರೆ ಅಂಥ ಮಾತು ಆಡದ ತಂದೆಯುಂಟೆ? ಮೇಡಂ ಕಿವಿ ಮುಚ್ಚಿಕೊಂಡಳು. ಪಕ್ಕದ ಮೇಜಿನವರೂ ಸೂಕ್ಷ್ಮ ಅರಿತು ಆಸ್ತಿ, ಅತ್ತೆ, ಆರೈಕೆ ಎಂದು ಜಗಳ ಶುರುಮಾಡಿದ್ದರು. ಅವಳು ಹಗ್ಗವನ್ನು ತಾನೇ ಕಟ್ಟಿ, ಎಲ್ಲರೂ ಕುಟುಂಬದವರೇ, ದೇವರೇ ಕಾಪಾಡಬೇಕು ಎಂದು ಹೊರಟುಹೋದಳು.

ಗಲಾಟೆ ತಣಿಯಿತು. ಏಜೆಂಟ್ ಮತ್ತು ಪಂಕ್ಚರಿನವನು ಮಾತ್ರ ನಿಜಕ್ಕೂ ಮಾತು ಬಿಟ್ಟು ಬೆನ್ನು ತಿರುಗಿಸಿ ಕೂತರು. ಭಾಮೈದ, ಬೈದು ಬೈದು ಹಸಿದಿದ್ದನೋ ಏನೋ, ಕುರ್ಚಿ ಎಳೆದು ಕೂತುಬಿಟ್ಟ. ಮಾವ ಬಳಿ ಬಂದು ನಿಂತ. ತನಗೆ ಬರುತ್ತಿದ್ದ ಒಂದೇ ಮಾತನ್ನು ಆಡಿದ.

"ಏನು ಕೊಡ್ಲಿ?"

"ಏನಿದೆ?"

ಮಾವ ಹೇಳತೊಡಗಿದ. ಹುರಿದ ಕೋಳಿ, ಬೇಯಿಸಿದ ಕೋಳಿ, ಕಾಳುಮೆಣಸಿನ ಮೀನು, ಬೆಣ್ಣೆ ಹಚ್ಚಿ ಸುಟ್ಟ ಜೋಳ. ಇಂದು ಮೀನು ಬೇಡ, ನಿನ್ನೆಯದು, ಎಂದು ದನಿ ತಗ್ಗಿಸಿ ಎಚ್ಚರಿಸಿದ. ಭಾಮೈದ ಎಲ್ಲವನ್ನೂ ಗಂಭೀರವಾಗಿ ಕೇಳಿದ, ನಡುವೆ ಎರಡು ಸಲ "ಭಾವ, ಅದು ಹೇಗಿರುತ್ತೆ?" ಎಂದೂ ಕೇಳಿದ.

ಹೆಂಡತಿ ಕೆನ್ನೆಗೆ ಕೈಕೊಟ್ಟು ನೋಡುತ್ತಿದ್ದಳು. ಇಷ್ಟು ವಿನಯ, ಇಷ್ಟು ತಾಳ್ಮೆ ಮನೆಯ ಹೊಸಿಲು ದಾಟಿ ಒಳಗೆ ಬಂದದ್ದನ್ನು ಅವಳು ಕಂಡಿರಲಿಲ್ಲ. ಊಟ ಮುಗಿದು ಹೊರಡುವಾಗ ಗಂಡನ ಕಿವಿಯ ಬಳಿ ಬಗ್ಗಿದಳು. ಒಳ್ಳೆಯ ಮಾತೇನೋ ಬರುತ್ತದೆಂದು ಮಾವ ಮಾಸ್ಕ್ ಸರಿಮಾಡಿಕೊಂಡು ಕಾದ.

"ಮಾಲೀಕರು ವಾರದ ರಜೆ ಕೊಡ್ತೀನಿ ಅಂದ್ರೂ," ಎಂದಳು, "ದಯವಿಟ್ಟು ತಗೋಬೇಡಿ."