ಹಿಟ್ಟಿನ ಮಿಲ್ಲಿನ ಪಕ್ಕದ ಮನೆ

ಮನೆ ಖಾಲಿ ಮಾಡಿ ಎಂದು ಹೇಳಲು ಬಂದ ದಿನ ನಮ್ಮ ಮನೆಯೊಡತಿ ಒಂದು ತಟ್ಟೆ ಕೇಸರಿಬಾತು ಹಿಡಿದು ಬಂದಿದ್ದರು. ಅವರ ಸೊಸೆ ಬಸುರಿಯಾಗಿದ್ದಳು, ಆ ಸಂತೋಷಕ್ಕೆ ಮಾಡಿದ ಸಿಹಿ. ತಟ್ಟೆಯನ್ನು ನನ್ನ ಕೈಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡರು. ಆಮೇಲೆ ಬಾಯಿಬಿಟ್ಟರು.

“ತಪ್ಪು ತಿಳ್ಕೋಬೇಡಮ್ಮ. ಬಸುರಿ ಹುಡುಗಿ ದಿನಾ ಈ ಶಬ್ದ ಕೇಳ್ಕೊಂಡಿರೋದು ಒಳ್ಳೇದಲ್ಲ ಅಂತ ಅವಳ ತವರಿನೋರು ಅಂತಾವ್ರೆ. ನೀವು ಬೇರೆ ಕಡೆ ನೋಡ್ಕೊಂಡ್ರೆ ನಮಗೂ ನೆಮ್ಮದಿ.”

ಶಬ್ದ ಎಂದರೆ ನನ್ನ ಮಗಳು. ಆಗ ಅವಳಿಗೆ ಹನ್ನೆರಡು ವರ್ಷ. ಮಾತು ಬಂದಿರಲಿಲ್ಲ, ಬರುವುದೂ ಇಲ್ಲವೆಂದು ಡಾಕ್ಟರು ಹೇಳಿ ಎಷ್ಟೋ ಕಾಲವಾಗಿತ್ತು. ಹಸಿವಾದರೂ, ಖುಷಿಯಾದರೂ, ಎಲ್ಲೋ ನೋವಾದರೂ ಅವಳಿಗಿದ್ದದ್ದು ಒಂದೇ ಕೂಗು. ಗಂಟಲಿನ ಆಳದಿಂದ ಎದ್ದು ಗೋಡೆಗೆ ಬಡಿದು ವಾಪಸು ಬರುವಂಥದ್ದು. ಕೂಗುತ್ತಲೇ ಅಂಗೈಯಲ್ಲಿ ಬಾಗಿಲು ಬಡಿಯುತ್ತಿದ್ದಳು. ಇದರ ಜೊತೆಗೆ ಆಗಾಗ ಫಿಟ್ಸ್ ಬರುತ್ತಿತ್ತು.

ನಾವು ಮಾಗಡಿ ಕಡೆಯವರು. ನನ್ನ ಗಂಡನಿಗೆ ತಮಿಳುನಾಡಿನ ಗಡಿಯ ಹೊಸೂರಿನ ಒಂದು ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿದ್ದರಿಂದ ಮಗಳು ಇನ್ನೂ ಕಂಕುಳಲ್ಲಿದ್ದಾಗಲೇ ಇಲ್ಲಿಗೆ ಬಂದಿದ್ದೆವು. ಅವಳು ಚಿಕ್ಕವಳಿದ್ದಾಗ ಯಾರೂ ಏನೂ ಅನ್ನಲಿಲ್ಲ, ಮಕ್ಕಳು ಅಳುತ್ತವೆ ಎಂದುಕೊಂಡರು. ಬೆಳೆದ ಹುಡುಗಿ ಅಳುವಂತಿಲ್ಲವಲ್ಲ. ಮೊದಲಿದ್ದ ಮನೆಯ ಪಕ್ಕದವರು ತಮ್ಮ ಮಕ್ಕಳಿಗೆ ಓದಲಾಗುತ್ತಿಲ್ಲವೆಂದು ಬೀದಿಗೆಲ್ಲ ಹೇಳಿಕೊಂಡು ಬಂದರು. ಎರಡನೆಯ ಮನೆಯ ಮಾಲೀಕರು ನಮಗೆ ಏನೂ ಹೇಳಲಿಲ್ಲ, ನೀರಿನ ಮೋಟರು ಹಾಕುವುದನ್ನು ನಿಲ್ಲಿಸಿದರು. ಈಗ ಕೇಸರಿಬಾತಿನ ಮನೆ.

ಆ ಸಂಜೆ ನನ್ನ ಗಂಡ ಶೂ ಬಿಚ್ಚದೆ ಹೊಸಿಲ ಮೇಲೆ ಕೂತು, “ಸ್ವಂತ ಮನೆ ತಗೊಂಡ್‌ಬುಡಾಣ. ಆಗ ಯಾರು ಓಡಿಸ್ತಾರೋ ನೋಡಾಣ,” ಅಂದರು.

ಬೆಂಗಳೂರಿನಲ್ಲಿ ಜಾಗ ಕೈಗೆಟುಕದವರೆಲ್ಲ ಹೊಸೂರಿಗೆ ಬರುತ್ತಿದ್ದ ಕಾಲ ಅದು. ಹೂವಿನ ತೋಟಗಳಲ್ಲಿ ಸೈಟಿನ ಗಡಿ ಗುರುತಿಸುವ, ಬಿಳಿ ಬಣ್ಣ ಬಳಿದ ಕಲ್ಲುಗಳು ಎದ್ದಿದ್ದವು. ಕಾರ್ಖಾನೆಯಲ್ಲಿ ನನ್ನ ಗಂಡನ ಜೊತೆಯವರು ಮಾರ್ಕೆಟ್ಟು, ಶಾಲೆ, ಮುಂದೆ ಬೆಲೆ ಏರುವ ಕಡೆ ಎಂದೆಲ್ಲ ಲೆಕ್ಕ ಹಾಕಿ ಮನೆ ಹುಡುಕುತ್ತಿದ್ದರು. ನಮಗೆ ಬೇಕಿದ್ದದ್ದು ಎರಡೇ: ಅವಳ ಕೂಗು ಯಾರಿಗೂ ಕೇಳಬಾರದು, ಆಸ್ಪತ್ರೆ ಹತ್ತಿರವಿರಬೇಕು. ಇವೆರಡೂ ಒಂದೇ ಕಡೆ ಸಿಗುವುದಿಲ್ಲ ಎಂಬುದು ನಮಗೆ ಗೊತ್ತಾಗಲು ಬಹಳ ಭಾನುವಾರಗಳು ಬೇಕಾದವು.

ಮೊದಲು ಸೂಳಗಿರಿಗೆ ಹೋದೆವು. ಮನೆ ತೋರಿಸಲು ಬಂದ ಬ್ರೋಕರು ತಮಿಳು, ತೆಲುಗು, ಕನ್ನಡ ಮೂರನ್ನೂ ಒಂದೇ ಉಸಿರಿನಲ್ಲಿ ಆಡುವ ಮನುಷ್ಯ. “ನೋಡಿ ಸಾರ್, ಸುತ್ತಮುತ್ತ ಒಂದು ಮನೆ ಇಲ್ಲ. ಹೈವೇಗೆ ಕಾಲಿಟ್ರೆ ಬಸ್ಸು. ಅರ್ಜೆಂಟು ಅಂದ್ರೆ ಇಕ್ಕಡೆ ಕೃಷ್ಣಗಿರಿ, ಅಕ್ಕಡೆ ಹೊಸೂರು.” ಅವನು ಹೇಳಿದ್ದು ನಿಜವೇ ಆಗಿತ್ತು. ಮನೆ ಚಿಕ್ಕದಾದರೂ ಗಟ್ಟಿಯಾಗಿತ್ತು, ಹಿಂದೆ ಟೊಮೆಟೊ ಹೊಲ. ನಾನು ಅಡುಗೆಮನೆಯ ನಲ್ಲಿ ತಿರುಗಿಸಿ ನೋಡುತ್ತಿದ್ದೆ. ಹೊರಗೆ ಗಂಡ ಕಿರುಚಿದ್ದು ಕೇಳಿ ಓಡಿಬಂದೆ. ಮಗಳು ಕೈ ಬಿಡಿಸಿಕೊಂಡು, ಎರಡೂ ತೋಳು ಮೇಲೆತ್ತಿ, ಹೆದ್ದಾರಿಯ ಲಾರಿಗಳ ಕಡೆಗೆ ನಗುತ್ತ ಓಡುತ್ತಿದ್ದಳು. ಅವಳಿಗೆ ಲಾರಿಗಳೆಂದರೆ ಬಹಳ ಇಷ್ಟ. ಅವಳ ಅಪ್ಪ ರಸ್ತೆಯಂಚಿನಲ್ಲಿ ಅವಳ ಜಡೆ ಹಿಡಿದು ಎಳೆದರು. ಇಬ್ಬರೂ ಜಲ್ಲಿಯ ಮೇಲೆ ಬಿದ್ದರು. ಲಾರಿಯವನು ನಿಲ್ಲಿಸಲೂ ಇಲ್ಲ.

“ಕಾಂಪೌಂಡು ಹಾಕ್ಸಿದ್ರೆ ಆಯ್ತು ಸಾರ್,” ಅಂದ ಬ್ರೋಕರು. ಗಂಡ ಮಂಡಿಯ ರಕ್ತ ಒರೆಸಿಕೊಂಡು ಸ್ಕೂಟರು ಸ್ಟಾರ್ಟ್ ಮಾಡಿದರು.

ಆಮೇಲೆ ಹೊಸೂರಿನೊಳಗೇ ಒಂದು ಅಪಾರ್ಟ್‌ಮೆಂಟು. ಆಸ್ಪತ್ರೆ ಎದುರು ರಸ್ತೆಯಲ್ಲೇ ಇತ್ತು. ಗೋಡೆ ದಪ್ಪವಾಗಿದೆ, ಕಿಟಕಿಗೆ ಎರಡು ಗಾಜು ಹಾಕಿಸಿಕೊಳ್ಳೋಣ ಎಂದು ನಾವೇ ಧೈರ್ಯ ತಂದುಕೊಂಡಿದ್ದೆವು. ಮಾತುಕತೆ ಮುಗಿದಿತ್ತು. ಕೊನೆಗೊಮ್ಮೆ ಅಳತೆ ನೋಡಲು ಹೋದಾಗ ಮಗಳನ್ನೂ ಕರೆದುಕೊಂಡು ಹೋದೆವು, ಬಿಟ್ಟುಹೋಗಲು ನಮಗೆ ಯಾರಿದ್ದರು? ಲಿಫ್ಟಿನೊಳಗೆ ಅವಳು ಹೆದರಿ ಕೂಗಿಕೊಂಡಳು. ಮೂರನೆಯ ಮಹಡಿಯಲ್ಲಿ ಬಾಗಿಲು ತೆರೆಯುವಷ್ಟರಲ್ಲಿ ಅಲ್ಲಿ ನಾಲ್ಕೈದು ಜನ ಸೇರಿದ್ದರು. ಬಿಲ್ಡರ್ ಕಡೆಯವನು ಅವರ ಮುಖಗಳನ್ನೂ ನಮ್ಮ ಮುಖಗಳನ್ನೂ ನೋಡಿದ. ಮಾರನೆಯ ದಿನ ಫೋನು ಬಂತು. ಆ ಫ್ಲ್ಯಾಟು ಮೊದಲೇ ಬೇರೆಯವರಿಗೆ ಬುಕ್ ಆಗಿತ್ತಂತೆ, ಆಫೀಸಿನಲ್ಲಿ ಗೊತ್ತಾಗದೆ ತಪ್ಪಾಯಿತಂತೆ.

ಬಾಡಿಗೆಗೆ ಕೊಡದಿದ್ದರೆ ಕೊಂಡುಕೊಳ್ಳಬಹುದು ಎಂದುಕೊಂಡಿದ್ದವಳು ನಾನು. ಕೊಳ್ಳಲೂ ಬಿಡುವುದಿಲ್ಲವೆಂದು ಅವತ್ತು ತಿಳಿಯಿತು. ರೇಷನ್ ಅಂಗಡಿಯ ಸಾಲಿನಲ್ಲಿ ನಿಂತು, ಸುಮ್ಮನೆ, ಕಾರಣವಿಲ್ಲದವಳಂತೆ ಅತ್ತೆ.

ತಳಿ ಕಡೆಯ ಮನೆಯ ವಿಷಯ ಹೇಳಿದ್ದು ಹೂವು ಮಾರುವ ಹೆಂಗಸು. ತಳಿಯಿಂದ ಜವಳಗಿರಿಗೆ ಹೋಗುವ ದಾರಿಯಲ್ಲಿ, ರಾಗಿ ಹೊಲದ ನಡುವೆ ಒಂಟಿಯಾಗಿದ್ದ ಹೆಂಚಿನ ಮನೆ. ಬಸ್ಸಿಳಿದ ಕೂಡಲೇ ಗಾಳಿ ತಣ್ಣಗಿತ್ತು. ಮನೆಯ ಮಾಲೀಕಳು ಒಬ್ಬ ವಯಸ್ಸಾದ ಹೆಂಗಸು. ಮಗಳ ಊರಿಗೆ ಹೋಗಿ ಇರುವುದಕ್ಕಾಗಿ ಮನೆ ಮಾರುತ್ತಿದ್ದಳು. ನಮಗೆ ಮಜ್ಜಿಗೆ ಕೊಟ್ಟು, ನನ್ನ ಮಗಳಿಗೆ ಒಂದು ಎಳೆ ಸೌತೆಕಾಯಿ ಕೊಟ್ಟಳು. ಮಗಳು ಜಗಲಿಯ ತಣ್ಣನೆಯ ಕಲ್ಲಿಗೆ ಕೆನ್ನೆಯಿಟ್ಟು ಮಲಗಿ ಸೌತೆಕಾಯಿ ಕಚ್ಚುತ್ತ ಇದ್ದಳು. ಕೂಗಲಿಲ್ಲ. ಬಹಳ ಹೊತ್ತಿನ ಮೇಲೆ ಒಂದು ಸಲ ಕೂಗಿದಳು. ನಾನು ಎಂದಿನಂತೆ ಓಡಿ ಬಾಯಿಗೆ ಕೈ ಅಡ್ಡ ಹಿಡಿದೆ.

“ಕೂಗ್ಲಿ ಬುಡವ್ವ,” ಅಂದಳು ಮುದುಕಿ. “ಇಲ್ಲಿ ಕೇಳಾಕೆ ಯಾರವ್ರೆ? ರಾಗಿ ತೆನೆ ಕಟ್ಟೋ ಕಾಲ್ದಾಗೆ ಆನೆ ಬತ್ತವೆ. ಆವಾಗ ನಾವೂ ಹಿಂಗೇ ಕೂಗ್ತೀವಿ.”

“ಆನೆ ಮನೆ ಹತ್ರಾನೂ ಬತ್ತವಾ?” ಎಂದು ಗಂಡ ಕೇಳಿದರು.

“ಬತ್ತವೆ. ಬಾಗ್ಲಾಕ್ಕೊಂಡು ಒಳ್ಗಿದ್ರೆ ಅವುಗಳ ಪಾಡಿಗೆ ಅವು ಹೋಯ್ತವೆ.”

ವಾಪಸು ಬರುವಾಗ ಬಸ್ಸಿನಲ್ಲಿ ನಾವಿಬ್ಬರೂ ಆನೆಯ ಮಾತೆತ್ತಲಿಲ್ಲ. ಬೆಳಗಿನ ಶಿಫ್ಟಿಗೆ ಮೊದಲ ಬಸ್ಸು ಸಿಗುತ್ತದೋ ಇಲ್ಲವೋ ಎಂದೂ ಕೇಳಿಕೊಳ್ಳಲಿಲ್ಲ. ಮಗಳ ಬಾಯಿಗೆ ಕೈ ಅಡ್ಡ ಹಿಡಿಯದೆ ಬದುಕಬಹುದಾದ ಜಾಗ ಅದೊಂದೇ ಎಂದು ಇಬ್ಬರಿಗೂ ಅನ್ನಿಸಿತ್ತು. ಮುಂದಿನ ವಾರ ಮುಂಗಡ ಕೊಡುವುದೆಂದು ಮಾತಾಯಿತು. ನಾನು ಆಗಲೇ ಆ ಜಗಲಿಯಲ್ಲಿ ಅವಳಿಗೆ ಊಟ ಮಾಡಿಸುವುದನ್ನು ನೆನೆಸಿಕೊಂಡು ಖುಷಿಪಡುತ್ತಿದ್ದೆ.

ಆ ವಾರದೊಳಗೇ ಅವಳಿಗೆ ಫಿಟ್ಸ್ ಬಂತು. ಎಂದಿನಂತೆ ಸ್ವಲ್ಪ ಹೊತ್ತಿಗೆ ನಿಲ್ಲಲಿಲ್ಲ. ಬಾಯಲ್ಲಿ ನೊರೆ, ತುಟಿ ನೀಲಿಗೆ ತಿರುಗುತ್ತಿತ್ತು. ಗಂಡ ಕಾರ್ಖಾನೆಯಲ್ಲಿದ್ದರು. ಮನೆಯೊಡತಿಯೇ ಆಟೋ ನಿಲ್ಲಿಸಿ, ಅವಳ ಕಾಲು ಹಿಡಿದು ಎತ್ತಿ ಕೂರಿಸಿದರು. ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಟ್ಟ ಮೇಲೂ ಮೈ ಅದುರುವುದು ನಿಲ್ಲಲು ತಡವಾಯಿತು. ಡ್ಯೂಟಿ ಡಾಕ್ಟರು ಕೈ ತೊಳೆಯುತ್ತ, ಮನೆ ಎಲ್ಲಿ ಎಂದು ಕೇಳಿದರು. ಹೇಳಿದೆ. “ಹತ್ತಿರ ಇದ್ದದ್ದರಿಂದ ಉಳಿದಳು,” ಅಂದರು.

ಗಂಡ ಕಾರ್ಖಾನೆಯ ಬಟ್ಟೆಯಲ್ಲೇ ಓಡಿಬಂದರು. ಡಾಕ್ಟರ ಮಾತು ಹೇಳಿದೆ. ತಳಿಯ ಮನೆ ಅಲ್ಲಿಗೆ ಮುಗಿಯಿತೆಂದು ಇಬ್ಬರಿಗೂ ಗೊತ್ತಾಯಿತು. ಅವರು ಕಾರಿಡಾರಿನ ಬೆಂಚಿನಲ್ಲಿ ಕೂತು ನೆಲ ನೋಡುತ್ತ ಹೇಳಿದರು:

“ಕೃಷ್ಣಗಿರಿ ಹತ್ರ ಇಂಥ ಮಕ್ಕಳಿಗೆ ಒಂದು ಹಾಸ್ಟೆಲ್ ಐತಂತೆ.”

ನಾನು ಮಗಳ ಔಷಧಿ ಚೀಟಿ ಮಡಿಸಿ ಸೆರಗಿಗೆ ಗಂಟು ಹಾಕಿದೆ. ಅವರು ನನ್ನ ಕಡೆ ನೋಡಲಿಲ್ಲ.

ಮುಂದಿನ ರಜೆಯ ದಿನ ಎಲ್ಲಿಗೆಂದು ಹೇಳದೆ ಒಬ್ಬರೇ ಹೋದರು. ನಾನೂ ಕೇಳಲಿಲ್ಲ. ಮಧ್ಯಾಹ್ನದ ಮೇಲೆ ಬಂದು, ಕೈಕಾಲು ತೊಳೆದು, ಮಗಳ ಪಕ್ಕ ಚಾಪೆಯ ಮೇಲೆ ಕೂತರು. “ಚೆನ್ನಾಗೈತೆ. ಶುಚಿಯಾಗಿ ಇಟ್ಕೊಂಡವ್ರೆ,” ಅಂದರು. ಆಮೇಲೆ, “ಫಿಟ್ಸ್ ಇರೋರ್ನ ತಗೊಳ್ಳಲ್ವಂತೆ,” ಅಂದರು. ಅವರ ಮುಖದಲ್ಲಿದ್ದದ್ದು ದುಃಖವೋ ಸಮಾಧಾನವೋ ನನಗೆ ತಿಳಿಯಲಿಲ್ಲ. ಮಗಳು ಅವರ ವಾಚಿನ ಪಟ್ಟಿ ಎಳೆಯುತ್ತಿದ್ದಳು. ಬಿಚ್ಚಿ ಕೊಟ್ಟರು.

ಮನೆಯೊಡತಿ ಈಗ ದಿನಕ್ಕೊಮ್ಮೆ ಬಂದು, ಎಲ್ಲಾದರೂ ಸಿಕ್ಕಿತೇ ಎಂದು ಕೇಳುತ್ತಿದ್ದರು. ಅವರ ಮೇಲೆ ನನಗೆ ಕೋಪ ಬರಲಿಲ್ಲ, ಆಟೋಗೆ ಎತ್ತಿ ಕೂರಿಸಿದ್ದ ಕೈಗಳು ಅವರವೇ. ಕೋಪ ಮಾಡಿಕೊಳ್ಳಲು ಯಾರೂ ಇಲ್ಲದ್ದೇ ನನಗೆ ಹೆಚ್ಚು ಕಷ್ಟವಾಗಿತ್ತು. ಮೂವರೂ ಒಟ್ಟಿಗೆ ಇಲ್ಲದಂತಾಗಿಬಿಟ್ಟರೆ ಎಂದು ಪಾತ್ರೆ ತೊಳೆಯುವಾಗ ಯೋಚನೆ ಬರುತ್ತಿತ್ತು. ಬೆದರಿ ಜೋರಾಗಿ ನಲ್ಲಿ ಬಿಡುತ್ತಿದ್ದೆ.

ಅಂಥ ಒಂದು ಬೆಳಿಗ್ಗೆ ರಾಗಿ ಹಿಟ್ಟು ಮುಗಿದಿತ್ತು. ನಾವು ಹಿಟ್ಟು ಹಾಕಿಸುತ್ತಿದ್ದ ಮಿಲ್ಲು ಅವತ್ತು ಮುಚ್ಚಿದ್ದರಿಂದ ಮಗಳ ಕೈ ಹಿಡಿದುಕೊಂಡು ಆಸ್ಪತ್ರೆಯ ಹಿಂದಿನ ಬೀದಿಯ ಮಿಲ್ಲಿಗೆ ಹೋದೆ. ರಾಗಿ, ಅಕ್ಕಿ, ಮೆಣಸಿನಕಾಯಿ, ಮೂರಕ್ಕೂ ಬೇರೆ ಬೇರೆ ಮಿಷನ್ನು ಓಡುತ್ತಿದ್ದವು. ನಿಂತ ನೆಲ ನಡುಗುತ್ತಿತ್ತು. ನನ್ನ ಡಬ್ಬದ ಸರದಿಗೆ ಕಾಯುತ್ತ ಯಾಕೋ ಮಗಳ ಕಡೆ ತಿರುಗಿದೆ. ಅವಳ ಬಾಯಿ ಪೂರ್ತಿ ತೆರೆದಿತ್ತು. ಕುತ್ತಿಗೆಯ ನರ ಉಬ್ಬಿತ್ತು. ಕೂಗುತ್ತಿದ್ದಳು, ಅದೆಷ್ಟು ಹೊತ್ತಿನಿಂದ ಕೂಗುತ್ತಿದ್ದಳೋ. ಕೈ ಹಿಡಿದು ನಿಂತಿದ್ದ ನನಗೇ ಕೇಳಿಸಿರಲಿಲ್ಲ. ಸಾಲಿನಲ್ಲಿದ್ದ ಹೆಂಗಸರು ಒಬ್ಬರೂ ತಿರುಗಿ ನೋಡಿರಲಿಲ್ಲ.

ಡಬ್ಬ ಅಲ್ಲೇ ಬಿಟ್ಟು ಬೀದಿಗೆ ಬಂದೆ. ಮಿಲ್ಲಿಗೆ ಅಂಟಿಕೊಂಡೇ ಒಂದು ಮನೆ, ಬೀಗ ಹಾಕಿತ್ತು. ಕಿಟಕಿಯ ಸರಳಿನ ಮೇಲೆ ಬೆರಳಲ್ಲಿ ಬರೆಯುವಷ್ಟು ಹಿಟ್ಟಿನ ಧೂಳು. ಬಾಗಿಲಿಗೆ ತಮಿಳಿನಲ್ಲಿ ಬರೆದ ಹಲಗೆ ನೇತುಹಾಕಿದ್ದರು. ನನಗೆ ತಮಿಳು ಓದಲು ಬರುತ್ತಿರಲಿಲ್ಲ. ಮಿಲ್ಲಿನವನನ್ನು ಕರೆದು ಕೇಳಿದೆ.

“ಮನೆ ಸೇಲ್‌ಗೈತೆ ಅಂತ ಬರ್ದವ್ರೆ ಅಕ್ಕ,” ಅಂದ. “ಬಾಳ ದಿನದಿಂದ ಹಂಗೇ ಐತೆ. ಈ ಸೌಂಡಿಗೆ ಯಾರು ಬತ್ತಾರೆ?”

“ನಾವು ಬತ್ತೀವಿ,” ಅಂದೆ. ಗಂಡನನ್ನು ಕೇಳಿರಲಿಲ್ಲ, ಒಳಗೆ ಕಾಲಿಟ್ಟಿರಲಿಲ್ಲ. ಅವನು ನನ್ನನ್ನು ವಿಚಿತ್ರವಾಗಿ ನೋಡಿದ.

ಗಂಡ ಬಂದು ನೋಡಿ ಒಪ್ಪಿದರು, ಮನೆ ನಮ್ಮದಾಯಿತು. ಮೊದಲ ದಿನಗಳು ಕೆಟ್ಟದಾಗಿದ್ದವು. ಮಗಳು ಎರಡೂ ಕಿವಿ ಮುಚ್ಚಿಕೊಂಡು ಹಿಂದಿನ ಕೋಣೆಯ ಮೂಲೆ ಬಿಟ್ಟು ಏಳಲಿಲ್ಲ. ನನಗೆ ತಲೆಸಿಡಿತ, ಗಂಡನಿಗೆ ಕೆಮ್ಮು. ಎಲ್ಲರೂ ಬೇಡವೆಂದ ಮನೆಯನ್ನು ಬುದ್ಧಿಯಿಲ್ಲದೆ ಕೊಂಡೆವೇ ಎಂದು ಅಳುಕಿದೆ. ನಿಧಾನವಾಗಿ ಅವಳು ಮೂಲೆಯಿಂದ ಎದ್ದು, ಮಿಲ್ಲಿನ ಕಡೆಯ ಗೋಡೆಗೆ ಅಂಗೈಯಿಟ್ಟು ಅದು ನಡುಗುವುದನ್ನು ಹಿಡಿಯಲು ಶುರುಮಾಡಿದಳು. ಮನಸ್ಸು ಬಂದಷ್ಟು ಕೂಗುತ್ತಿದ್ದಳು, ರಾತ್ರಿ ಮಿಲ್ಲು ನಿಲ್ಲುವ ಹೊತ್ತಿಗೆ ಫಿಟ್ಸ್ ಮಾತ್ರೆಯ ಮಂಪರಿನಲ್ಲಿ ಮಲಗಿಬಿಡುತ್ತಿದ್ದಳು. ನಾನು ತಡೆಯುವುದನ್ನು ಬಿಟ್ಟೆ.

ಅದೇ ವರ್ಷ ತಮಿಳುನಾಡಿನಲ್ಲಿ ಕರೆಂಟು ಹೋಗಲು ಶುರುವಾಯಿತು. ದಿನಾ ಗಂಟೆಗಟ್ಟಲೆ. ಕರೆಂಟು ಹೋದರೆ ಮಿಲ್ಲು ನಿಲ್ಲುತ್ತಿತ್ತು. ಫ್ಯಾನಿಲ್ಲದ ಸೆಕೆಗೆ ಬೀದಿಯವರೆಲ್ಲ ಬಾಗಿಲು ತೆರೆದು ಹೊರಗೆ ಕೂರುತ್ತಿದ್ದರು. ಆ ನಿಶ್ಶಬ್ದದಲ್ಲಿ ನನ್ನ ಮಗಳೊಬ್ಬಳೇ ಕೂಗುತ್ತಿದ್ದಳು. ಯಾವುದನ್ನು ನಂಬಿ ಆ ಮನೆ ಕೊಂಡೆವೋ ಅದನ್ನು ಸರ್ಕಾರ ದಿನವೂ ಆರಿಸುತ್ತಿತ್ತು. ಕರೆಂಟು ಹೋಗುವ ಹೊತ್ತಿಗೆ ಕಿಟಕಿಗಳಿಗೆ ಕಂಬಳಿ ಕಟ್ಟುತ್ತಿದ್ದೆ.

ಒಂದು ಮಧ್ಯಾಹ್ನ ಎದುರು ಮನೆಯ ಗಂಡಹೆಂಡತಿ ಬಂದರು, ಜೊತೆಗೆ ಮೂಲೆಮನೆಯವರೊಬ್ಬರು. ಗಂಡ ಕೆಲಸಕ್ಕೆ ಹೋಗಿದ್ದರು. ಒಳಗೆ ಮಗಳು ಬಾಗಿಲು ಬಡಿಯುತ್ತಿದ್ದಳು.

“ಪಸಂಗಳಿಗೆ ಪರೀಕ್ಷೆ ಮೇಡಂ,” ಅಂದರು ಎದುರು ಮನೆಯವರು. “ಮಕ್ಳು ಹೆಂಗೆ ಓದ್ಬೇಕು ಹೇಳಿ. ಇವ್ಳನ್ನ ಎಲ್ಲಾದ್ರೂ ಸೇರಿಸ್ಬೋದಲ್ಲ. ಇಲ್ಲಾಂದ್ರೆ ನೀವೇ ಊರಾಚೆ ಕೊಂಚ ಔಟರ್‌ನಲ್ಲಿ ಮನೆ ನೋಡ್ಕೋಬೋದು.”

ಸೂಳಗಿರಿಯ ರಸ್ತೆ, ತಳಿಯ ಜಗಲಿ, ಕೃಷ್ಣಗಿರಿಯ ಹಾಸ್ಟೆಲ್ಲು ಎಲ್ಲವನ್ನೂ ಹೇಳಬೇಕೆನ್ನಿಸಿತು. ಹೇಳಿದರೂ ಅವರ ಮಕ್ಕಳ ಪರೀಕ್ಷೆ ಸುಳ್ಳಾಗುತ್ತಿರಲಿಲ್ಲ.

“ಇದು ನಮ್ಮನೆ,” ಅಂದೆ. “ನಾವು ಎಲ್ಲಿಗೂ ಹೋಗಲ್ಲ.”

ನಾನು ಇನ್ನೇನಾದರೂ ಹೇಳುತ್ತೇನೆಂದು ಅವರು ಕಾದರು. ಬಾಗಿಲು ಹಾಕಿಕೊಂಡು ಚಿಲಕ ಸಿಗಿಸಿದೆ. ಒಳಗೆ ಹೋಗಿ ಮಗಳ ಪಕ್ಕ ಕೂತೆ. ಇಂಥ ಮಾತನ್ನು ಆಡಬೇಕೆಂದೇ ಮನೆ ಕೊಂಡಿದ್ದೆವು. ಆಡಿದ ಮೇಲೆ ಗೆದ್ದೆ ಎನ್ನಿಸಲಿಲ್ಲ. ಇನ್ನು ಈ ಬೀದಿಯಲ್ಲೇ, ಈ ಮುಖಗಳ ನಡುವೆಯೇ ಎಂದಷ್ಟೇ ಅನ್ನಿಸಿತು. ಎದುರು ಮನೆಯವರು ಆಮೇಲೆ ಎಷ್ಟೋ ಕಾಲ ನನ್ನೊಂದಿಗೆ ಮಾತಾಡಲಿಲ್ಲ.

ಸಂಜೆ ಗಂಡ ಬಂದಾಗ ನಡೆದದ್ದನ್ನು ಹೇಳಿದೆ. ಅವರು ತಟ್ಟೆಯ ಮುಂದೆ ಕೂತು ಪೂರ್ತಿ ಕೇಳಿಸಿಕೊಂಡರು. “ಸರಿಯಾಗೇ ಅಂದಿದ್ದೀಯ,” ಎಂದು ಮುದ್ದೆ ಮುರಿದು, ಬಾಯಿ ತೆರೆದು ಕಾಯುತ್ತಿದ್ದ ಮಗಳಿಗೆ ಮೊದಲ ತುತ್ತು ಕೊಟ್ಟರು.